ಆಯಿಗೆ ಇದ್ದದ್ದು ಎರಡೇ ಕೈ

ಕಳೆದ ತಿಂಗಳು ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಕೈ ತೊಳೆಯಲು ಹೋದಾಗ ನಲ್ಲಿಯ ಪಕ್ಕ ಕೆಂಪು ಸಾಬೂನಿನ ಚೂರೊಂದು ಬಿದ್ದಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಂಗಾವತಿಯ ಆ ಅಂಗಳ ಕಣ್ಣ ಮುಂದೆ ಬಂತು... ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಡ್ಡ ಬಂದ ಗಂಡಸರನ್ನು ಕೂಸುಗಳಂತೆ ಕೂರಿಸಿ ಮೈ ತೊಳೆಯುತ್ತಿದ್ದ ಆಯಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಅಣ್ಣನಿಗೆ ವಯಸ್ಸು ಬೆಳೆದರೂ ಬುದ್ಧಿ ಬೆಳೆದಿರಲಿಲ್ಲ. ಅದರ ಮೇಲೆ ಮೂರ್ಛೆರೋಗ. ಅವ್ವ ತೀರಿಕೊಂಡ ಮೇಲೆ ಕುಷ್ಟಗಿಯ ಮನೆಯಲ್ಲಿ ಹಗಲು ಅವನನ್ನು ನೋಡಿಕೊಳ್ಳುವವರೇ ಇರಲಿಲ್ಲ. ಅಪ್ಪ ಅವನನ್ನು ಗಂಗಾವತಿಯ ಕಾಲುವೆ ದಂಡೆಯ ಆಶ್ರಮವೊಂದಕ್ಕೆ ಸೇರಿಸಿದ. ಹಳೆಯ ಭತ್ತದ ಗೋದಾಮು ಅದು. ಅಣ್ಣನಂಥವರೇ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ.

ಮೊದಲು ಅವರನ್ನು ನೋಡಿಕೊಳ್ಳಲು ಮೂವರಿದ್ದರು. ಒಬ್ಬಾಕೆ ಮದುವೆಯಾಗಿ ಹೋದಳು, ಆ ಜಾಗಕ್ಕೆ ಯಾರೂ ಬರಲಿಲ್ಲ. ಗೇಟು ಕಾಯುವವನನ್ನು ಆಶ್ರಮದ ಕಾರ್ಯದರ್ಶಿಗಳು ತಮ್ಮ ಅಕ್ಕಿ ಗಿರಣಿಗೆ ಕರೆದುಕೊಂಡರು. ಉಳಿದವಳು ಹನುಮಸಾಗರದ ಕಡೆಯ ಈ ವಿಧವೆ ಒಬ್ಬಳೇ. ಅಲ್ಲಿದ್ದವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ಉಣಿಸುವುದು, ತೊಳೆಯುವುದು, ಗುಳಿಗೆ ನುಂಗಿಸುವುದು, ಜಗಳ ಬಿಡಿಸುವುದು, ಎಲ್ಲವೂ ಆಕೆಯ ಕೊರಳಿಗೇ.

ನಾನೊಮ್ಮೆ ಅಣ್ಣನನ್ನು ನೋಡಲು ಹೋದಾಗ ಆಕೆ ಕಾರ್ಯದರ್ಶಿಗಳನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದ್ದಳು.

"ಸಾಹೇಬ್ರ, ಇನ್ನೊಬ್ಬರ್ನ ಕೊಡ್ರಿ. ಒಬ್ಬನ್ನ ಹಿಡಕೊಂಡ್ರ ಇನ್ನೊಬ್ಬ ತಪ್ಪಿಸ್ಕೋತಾನ."

"ನೋಡೂಣು. ಅಲ್ಲಿತನಕ ಒಳಗ ಕೂಡಿ ಹಾಕು."

"ಮೈ ತೊಳಿಯಾಕ ಹೊರಗ ತರಬೇಕಲ್ರಿ..." ಆಕೆಯ ಮಾತು ಮುಗಿಯುವಷ್ಟರಲ್ಲಿ ಅವರು ಜೀಪು ಹತ್ತಿದ್ದರು.

ಒಂದು ಮುಂಜಾನೆ ಅಂಗಳದ ನೀರಿನ ತೊಟ್ಟಿಯ ಬಳಿ ಅಣ್ಣನಿಗೆ ಮೂರ್ಛೆ ಬಂತು. ಮುಖ ನೀರಿಗೆ ಬಿತ್ತು. ಆಯಿ ಅವನನ್ನು ಎಳೆದು, ತಲೆಯನ್ನು ತೊಡೆಯ ಮೇಲೆ ಮಗ್ಗಲಾಗಿಸಿ ಹಿಡಿದು ಕೂತಳು. ಅದೇ ಹೊತ್ತಿಗೆ ಕನಕಗಿರಿ ಕಡೆಯ ಒಬ್ಬ, ನೀರು ಕಂಡರೆ ಹಿಗ್ಗುವವನು, ಗೇಟು ದಾಟಿ ಕಾಲುವೆಯತ್ತ ಹೊರಟ. ಆಯಿ ನೋಡಿದಳು. ಕೂಗಿದಳು. ಅವನು ನಿಲ್ಲಲಿಲ್ಲ. ಅಣ್ಣನ ಮೈ ಇನ್ನೂ ಸೆಟೆಯುತ್ತಿತ್ತು, ಬಾಯಲ್ಲಿ ನೀರು, ನೊರೆ. ಅವನ ಉಸಿರು ಸರಿಯಾದ ಮೇಲೆಯೇ ಆಕೆ ಎದ್ದು ಓಡಿದ್ದು. ಅಷ್ಟರಲ್ಲಿ... ಮಧ್ಯಾಹ್ನ ರೈತರು ಹೆಣವನ್ನು ಮುಂದಿನ ತೂಬಿನ ಹತ್ತಿರ ಮೇಲೆತ್ತಿದರು.

ಆ ವಾರವೇ ಆಶ್ರಮದ ಸಮಿತಿಯವರು ಅಂಗಳದಲ್ಲಿ ಕುರ್ಚಿ ಹಾಕಿಸಿ ವಿಚಾರಣೆಗೆ ಕೂತರು. ಅಪ್ಪನೂ ನಾನೂ ಹೋಗಿದ್ದೆವು.

"ಅಂವ ಹೋಗೂದನ್ನ ನೀ ನೋಡಿದಿ?" ಕಾರ್ಯದರ್ಶಿಗಳು ಕೇಳಿದರು.

"ನೋಡಿದೆರಿ."

"ನೋಡಿ ಸುಮ್ಮನ ಕುಂತಿ?"

"ಇವನ ತಲಿ ಎಲ್ಲಿ ಇಡ್ಲಿರಿ?" ಆಯಿ ಅಣ್ಣನ ಕಡೆ ಕೈ ಮಾಡಿದಳು.

ಅಪ್ಪ ಎದ್ದು ನಿಂತ. "ಒಬ್ಬಾಕಿಗೆ ಎಷ್ಟ ಕೈ ಅದಾವ್ರಿ? ಗೇಟಿನಾಗ ಇದ್ದಾಂವ ಎಲ್ಲಿ ಹೋಗ್ಯಾನ, ಅದನ್ನ ಮೊದಲ ಹೇಳ್ರಿ."

"ನಿಮ್ಮ ಮಗಾ ಉಳದಾನಲ್ಲ, ಕೂಡ್ರಿ," ಎಂದರು ಸಮಿತಿಯ ಒಬ್ಬರು.

ಆಗ ತೀರಿಹೋದವನ ತಾಯಿ ಎದ್ದು ಆಯಿಯ ಹತ್ತಿರ ಬಂದಳು. ಹೊಡೆದೇ ಬಿಡುತ್ತಾಳೆ ಅಂದುಕೊಂಡೆ.

"ನನ್ನ ಕೂಸನ್ನ ಒದರಿದೇನವಾ?"

"ಒದರಿದೆ ಯವ್ವಾ. ತಿರುಗಿ ನೋಡಿ ನಕ್ಕ."

"ನಕ್ಕನಾ..." ಎಂದ ಮುದುಕಿ ಅಲ್ಲೇ ಕುಸಿದಳು. ಆಯಿಯೂ ಪಕ್ಕದಲ್ಲಿ ಕೂತಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅತ್ತದ್ದನ್ನು ಕುರ್ಚಿಯ ಮೇಲಿದ್ದವರು ನೋಡದವರಂತೆ ಕೂತಿದ್ದರು.

ಅವತ್ತೇ ಆಯಿಯನ್ನು ಕೆಲಸದಿಂದ ತೆಗೆದರು. ಮುಂದಿನ ತಿಂಗಳು ನಾವು ಹೋದಾಗ ಆಕೆಯ ಜಾಗದಲ್ಲಿ ಇಬ್ಬರು ಹೊಸಬರಿದ್ದರು. ಗಿರಣಿಯಿಂದ ಕಾವಲುಗಾರನೂ ವಾಪಸು ಬಂದಿದ್ದ. ಆಕೆ ಬೇಡಿದ್ದೆಲ್ಲ ಬಂದಿತ್ತು... ಆಕೆಯೊಬ್ಬಳೇ ಇರಲಿಲ್ಲ. ಅಣ್ಣ ಅನ್ನ ಮುಟ್ಟದೆ "ಆಯಿ, ಆಯಿ" ಎಂದು ಹಲುಬುತ್ತಿದ್ದ. ಅಪ್ಪ ಅವನನ್ನು ಊರಿಗೆ ಕರೆತಂದ.

ನೌಕರಿ ಸಿಕ್ಕ ಮೇಲೆ ನಾನು ಹನುಮಸಾಗರಕ್ಕೆ ಹೋಗಿ ವಿಚಾರಿಸಿದೆ. "ಕೂಲಿಗಂತ ಸಿಂಧನೂರ ಕಡಿ ಹೋಗ್ಯಾಳ್ರಿ" ಎಂದರು. ಅದರಾಚೆ ಯಾರಿಗೂ ಗೊತ್ತಿರಲಿಲ್ಲ.

ಅಪ್ಪನೂ ತೀರಿಹೋದ. ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ಆಯಿ ಎಲ್ಲಿ ತೀರಿಕೊಂಡಳೋ, ಕೊನೆಗಾಲದಲ್ಲಿ ಆಕೆಯ ತಲೆ ಯಾರ ತೊಡೆಯ ಮೇಲಿತ್ತೋ... ಆಕೆ ಉಳಿಸಿದ ಜೀವ ನಮ್ಮ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಮೈಯೊಡ್ಡಿ ಕೂತಿದೆ. ಅದನ್ನು ಆಕೆಗೆ ತಿಳಿಸುವ ದಾರಿ ನನಗೆ ಉಳಿದಿಲ್ಲ.