ಹಾಡಿನಲ್ಲಿ ಓಡಿದವಳು

ನನ್ನ ಎಡಗಾಲು ಎರಡು ಬೆರಳಷ್ಟು ಗಿಡ್ಡ. ಹೆಣ್ಣು ನೋಡಲು ಬಂದ ದಿನವೇ ಗಂಡಿಗೂ ಅವನ ತಂದೆತಾಯಿಗೂ ಅದು ಗೊತ್ತಾಗಿತ್ತು. ನಾಗಮಂಗಲದ ತಾಲ್ಲೂಕು ಕಚೇರಿಯಲ್ಲಿ ನನಗಿದ್ದ ಕೆಲಸ ಆ ಎರಡು ಬೆರಳನ್ನು ತುಂಬಿಕೊಟ್ಟಿತು. ಅವರ ನೆಂಟರಿಗೆ ಮಾತ್ರ ಹೇಳಿರಲಿಲ್ಲ.

ಮದುವೆಗೆ ಮುಂಚೆ ಒಂದು ವಿಡಿಯೋ ಹಾಡು ತೆಗೆಸುವುದು ಈಗ ತಾಳಿಯಷ್ಟೇ ಕಡ್ಡಾಯ. ಶ್ರೀರಂಗಪಟ್ಟಣದ ಹೊಳೆ ದಂಡೆಗೆ ಹೋದೆವು. ಕ್ಯಾಮೆರಾದವನು ಸ್ಪೀಕರಿನಲ್ಲಿ ಹಾಡನ್ನು ಎರಡರಷ್ಟು ವೇಗಕ್ಕೆ ಹಾಕಿ, ಅದಕ್ಕೆ ತುಟಿ ಆಡಿಸುತ್ತಾ ಓಡಿ ಬರಲು ಹೇಳಿದ. ಆಮೇಲೆ ನಿಧಾನ ಮಾಡಿದರೆ ತುಟಿ ಹಾಡಿಗೆ ಕೂಡುತ್ತದಂತೆ, ಸೆರಗು ತೇಲುತ್ತದಂತೆ. ಓಡಿದೆ. ಆ ತುಣುಕನ್ನು ಅಲ್ಲೇ ನಿಧಾನವಾಗಿ ತೋರಿಸಿದ. ಬಾವಿಗೆ ಬಿಟ್ಟ ಕೊಡದಂತೆ ನಾನು ಇಳಿಯುತ್ತಿದ್ದೆ, ಏಳುತ್ತಿದ್ದೆ, ಮತ್ತೆ ಇಳಿಯುತ್ತಿದ್ದೆ.

"ಥೂ, ಇದ್ ಬ್ಯಾಡ ಕಣ್ಲಾ," ಎಂದ ನನ್ನ ಗಂಡನಾಗುವವನು.

"ಟೆನ್ಸನ್ ಬ್ಯಾಡ ಬುಡಣ್ಣ," ಎಂದ ಕ್ಯಾಮೆರಾದವನು. "ಮುಖ ಇವರ್ದು, ಓಟ ಬ್ಯಾರೆಯವ್ರದ್ದು. ಹಿಂದ್ಗಡೆಯಿಂದ ತಗ್ದು ಅಂಟಿಸಿದ್ರೆ ದೇವ್ರಿಗೂ ಗೊತ್ತಾಗಕಿಲ್ಲ."

ಜೊತೆಗೆ ಬಂದಿದ್ದ ನನ್ನ ತಂಗಿಗೆ ನನ್ನ ಸೀರೆ ಉಡಿಸಿದರು. ನಾನು ಅವಳ ಚೂಡಿದಾರ್ ತೊಟ್ಟು ಬಂಡೆಯ ಮೇಲೆ ಕೂತು, ನನ್ನ ಗಂಡಿನತ್ತ ನಾನೇ ಓಡುವುದನ್ನು ನೋಡಿದೆ. ಚೆನ್ನಾಗಿಯೇ ಓಡಿದೆ. ಹೊಟ್ಟೆ ಉರಿಯಿತು. ಅವಳದೇನೂ ತಪ್ಪಿರಲಿಲ್ಲ, ಅದಕ್ಕೇ ಇನ್ನೂ ಉರಿಯಿತು.

ಪಾಂಡವಪುರದ ಛತ್ರದಲ್ಲಿ ಆರತಕ್ಷತೆಯ ಸಂಜೆ ಹಾಡನ್ನು ದೊಡ್ಡ ಪರದೆಗೆ ಹಾಕಿದರು. ಓಟಕ್ಕೆ ಶಿಳ್ಳೆ ಬಿತ್ತು. ನನ್ನನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಆದರೆ ಊರಿಗೆ ಬಂದೋಳು ನೀರಿಗೆ ಬರದೆ ಇರುತ್ತಾಳಾ? ಬೆಳಿಗ್ಗೆ ಸಪ್ತಪದಿಗೆ ಏಳಲೇಬೇಕಾಯಿತು. ಮೂರನೇ ಹೆಜ್ಜೆಗೆ ಛತ್ರದ ಕಣ್ಣೆಲ್ಲ ನನ್ನ ಕಾಲಿಗೆ ಬಿತ್ತು.

"ನೆನ್ನೆ ಅಂಗ್ ಓಡ್ತಿದ್ಲು, ಈಗೇನ್ಲಾ ಆಯ್ತು?" ಎಂದಳು ಅವನ ಸೋದರತ್ತೆ.

"ಕಾಲು ಉಳುಕೈತೆ ಅತ್ತೆ," ಎಂದ ನನ್ನ ಗಂಡ, ನನ್ನ ಕೈ ಹಿಡಿದುಕೊಂಡೇ.

ಆರು ವರ್ಷವಾಯಿತು. ಆ ಮುದುಕಿ ಸಿಕ್ಕಾಗಲೆಲ್ಲ "ಇನ್ನೂ ವಾಸಿ ಆಗ್ಲಿಲ್ವಾ ಮಗ?" ಎನ್ನುತ್ತಾಳೆ. ಎಣ್ಣೆ ಹಚ್ಚುತ್ತಿದ್ದೇನೆ ಎನ್ನುತ್ತೇನೆ.

ಮೊನ್ನೆ ಊಟವಾದ ಮೇಲೆ ನನ್ನ ಗಂಡ ಫೋನಿನಲ್ಲಿ ಆ ಹಾಡು ನೋಡುತ್ತಿದ್ದ. ನನ್ನ ಮುಖ ಬಂದಲ್ಲೆಲ್ಲ ಬೆರಳಿನಿಂದ ಮುಂದಕ್ಕೆ ಸರಿಸಿದ. ಓಟ ಬಂತು.

"ಅದು ನನ್ ತಂಗಿ ಕಣ್ರೀ," ಎಂದೆ.

"ಗೊತ್ತು ಬುಡು," ಎಂದು, ಅದನ್ನೇ ಹಿಂದಕ್ಕೆ ಎಳೆದು ಮತ್ತೆ ಹಾಕಿದ.