ಗೋಲಿ ಹೋಗಿ ವಿಭೂತಿ ಬಂತು

ನನ್ನ ಖಾಲಿ ಅಂಗೈಯಲ್ಲಿ ವಿಭೂತಿ ಉಂಡೆ ಕಂಡದ್ದೇ ತಡ, ಬಸವನಗುಡಿಯ ಪಾರ್ಕಿನಲ್ಲಿ ದಿನಾ ನನ್ನ ಜೊತೆ ವಾಕಿಂಗ್ ಮಾಡುವ ನಿವೃತ್ತ ಎಂಜಿನಿಯರೊಬ್ಬರು ಶೂ ಕಳಚಿ, ಕೈಮುಗಿದು, ಕಣ್ಣು ಮುಚ್ಚಿ ನಿಂತುಬಿಟ್ಟರು.

ಮೊಬೈಲ್ ನೋಡಿ ಕೈಚಳಕ ಕಲಿಯುತ್ತಿರುವ ನನಗೆ ಇದುವರೆಗೆ ಒಂದು ಗೋಲಿಯನ್ನೂ ನೆಟ್ಟಗೆ ಬಚ್ಚಿಡಲು ಬಂದಿರಲಿಲ್ಲ. ವಾರವಿಡೀ ಇದೇ ಮಹಾನುಭಾವರು, "ಬೆರಳ ಸಂದೀಲಿ ಕಾಣ್ತಿದೆ ಕಣ್ರೀ!" ಎಂದು ಇಡೀ ಪಾರ್ಕಿಗೆ ಕೇಳುವಂತೆ ನಕ್ಕಿದ್ದರು. ಆ ಗೋಲಿ ಚರಂಡಿಗೆ ಉರುಳಿಹೋಗಿದ್ದರಿಂದ ಅವತ್ತು ದೇವರ ಗೂಡಿನಿಂದ ವಿಭೂತಿ ಉಂಡೆ ತಂದಿದ್ದೆ, ಅಷ್ಟೇ. ಅದೇ ಕೈ, ಅದೇ ಸಂದಿ.

"ಸಾರ್, ಇದೂ ಅದೇ ಟ್ರಿಕ್ಕು, ನೋಡಿ" ಎಂದು ಬೆರಳು ಅಗಲಿಸಿ ತೋರಿಸಿದೆ. ಅವರು ಕಣ್ಣು ತೆರೆದರೆ ತಾನೆ! "ದೊಡ್ಡವರು ಯಾವತ್ತೂ ಒಪ್ಕೊಳ್ಳಲ್ಲ ಬಿಡಿ" ಎಂದು ಉಂಡೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟರು.

ಮರುದಿನ ಹೆಂಡತಿಯನ್ನು ಕರೆದುಕೊಂಡು, ಮಗಳ ಜಾತಕವನ್ನೂ ಹಿಡಿದುಕೊಂಡು ಬಂದರು. ಅವರ ಭ್ರಮೆ ಬಿಡಿಸಲೆಂದೇ ನಾನು ಹೊಸ ಗೋಲಿ ತಂದಿದ್ದೆ. ಮಾಯ ಮಾಡಿ ತೋರಿಸಿದೆ. ಎಂಜಿನಿಯರ್ ಕಣ್ಣು ತಟ್ಟನೆ ಚುರುಕಾಯಿತು.

"ಅಗೋ, ಬೆರಳ ಸಂದೀಲಿದೆ! ಇದೆಲ್ಲಾ ಬರೀ ಕೈಚಳಕ ಸ್ವಾಮಿ, ಇವಳಿಗೆ ನಿನ್ನೆ ಥರ ವಿಭೂತಿ ಬರಿಸಿ ತೋರಿಸಿ" ಎಂದರು.

ಈಗ ನಾನು ಬೇರೆ ಪಾರ್ಕಿಗೆ ಹೋಗುತ್ತೇನೆ. ಬೆರಳು ಪಳಗಲು ವರ್ಷಗಟ್ಟಲೆ ಬೇಕು ಎಂದು ಮೊಬೈಲಿನ ಮೇಷ್ಟ್ರು ಹೆದರಿಸುತ್ತಲೇ ಇದ್ದಾರೆ. ನೋಡುವವರೇ ಕಣ್ಣು ಮುಚ್ಚಿಕೊಂಡರೆ ಬೆರಳಿಗೇನು ಕೆಲಸ?