ಕಾರಿಗೆ ಲಂಘನ

ನನ್ನ ಹೆಂಡತಿ ಕೂರುವ ಸೀಟನ್ನು ಬ್ರೂಸ್‌ಪೇಟೆಯ ಬೇಳೆ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದವನು ನಾನು. ಹದಿನೆಂಟು ಕಿಲೋ ಬಂತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆವತ್ತು ಮಾತ್ರ, ಅಷ್ಟು ಭಾರ ಕಳೆಯಿತಲ್ಲ ಎಂಬ ಸಂತೋಷಕ್ಕೆ ಅಂಗಡಿಯವನಿಗೆ ಚಹಾ ಕುಡಿಸಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ನನಗೆ ಪರಿಚಯವಿದ್ದ ಗಣಿ ಮಾಲೀಕರೊಬ್ಬರ ಷೆಡ್ಡಿನಲ್ಲಿ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರೊಂದು ಬಿದ್ದಿತ್ತು. ಕೆಂಪು ಬಣ್ಣ, ಉದ್ದ ಮೂತಿ, ಇಬ್ಬರಿಗೆ ಮಾತ್ರ ಜಾಗ. ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ನಾನು ಹೋದಾಗಲೆಲ್ಲ ಅದರ ಮುಂದೆ ನಿಂತುಬಿಡುವುದನ್ನು ಕಂಡು ಆ ಪುಣ್ಯಾತ್ಮರು, "ಬೇಕಾದ್ರ ಒಯ್ರಿ ಮಾಸ್ತರ, ಕೋಳಿಗೆ ಬ್ಯಾರೆ ಗೂಡು ಕಟ್ಟಸ್ತೀನಿ" ಎಂದರು.

ಕಾರು ಬಂತು, ಆದರೆ ಓಡಲಿಲ್ಲ. ಓಡಲಿಲ್ಲ ಎಂದರೆ ತಪ್ಪಾದೀತು, ನಡೆಯಿತು. ಸ್ವಲ್ಪ ಏರು ಸಿಕ್ಕರೆ ಸಾಕು, ಸೈಕಲ್ಲಿನಲ್ಲಿ ಬರುವ ನನ್ನ ವಿದ್ಯಾರ್ಥಿಗಳು "ನಮಸ್ಕಾರ ಸರ್" ಎಂದು ವಿನಯದಿಂದ ಹೇಳಿ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಆ ವಿನಯವೇ ಹೆಚ್ಚು ಚುಚ್ಚುತ್ತಿತ್ತು.

ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಮೆಕ್ಯಾನಿಕ್ ಖಾಜಾಸಾಬ್ ಇದ್ದ. ಕಾರಿನ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, ಹಳೆಯ ವೈದ್ಯನ ಹಾಗೆ ತೀರ್ಪು ಕೊಟ್ಟ: "ಎಂಜಿನ್‌ಗೆ ಏನೂ ಆಗಿಲ್ಲ ಸರ್. ಗಾಡಿಗೆ ಮೈ ಬಂದೈತಿ. ಇಳಸ್ಬೇಕು."

ನನ್ನ ಶಾಸ್ತ್ರವೂ ಅದನ್ನೇ ಹೇಳುತ್ತಿತ್ತು. ಬಲ ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗ ಬೇಗ ಏರಬೇಕು. ಎಂಜಿನ್ನಿಗೆ ಹೊಸ ಶಕ್ತಿ ತುಂಬುವ ಅನುಕೂಲ ನನಗಿರಲಿಲ್ಲ, ಭಾರ ಕಳೆಯಲು ಸ್ಪ್ಯಾನರ್ ಒಂದಿದ್ದರೆ ಸಾಕು. ಯಾವ ಕಾಯಿಲೆ ಬಂದರೂ ಲಂಘನವೇ ಮದ್ದು ಎಂದು ನಮ್ಮಜ್ಜಿ ಉಪವಾಸ ಕೆಡವುತ್ತಿದ್ದಳು. ಕಾರಿಗೂ ಅದೇ ಚಿಕಿತ್ಸೆ ಶುರುವಾಯಿತು. ಮೊದಲು ಹೋದದ್ದು ಹೀಟರ್. ಬಳ್ಳಾರಿಯ ಬಿಸಿಲಿನಲ್ಲಿ ಮನುಷ್ಯನನ್ನು ಇನ್ನಷ್ಟು ಬೆಚ್ಚಗಿಡುವ ಆ ಯಂತ್ರವನ್ನು ಬಿಚ್ಚುವಾಗ ಖಾಜಾಸಾಬ್ ಬಹಳ ಹೊತ್ತು ನಕ್ಕ. ಆಮೇಲೆ ಬಂಪರ್, ಸ್ಟೆಪ್ನಿ, ಮೇಲಿನ ಹುಡ್ಡು, ಕಾಲಡಿಯ ಚಾಪೆ ಎಲ್ಲ ಹೋದವು. ಬಿಡುವುದು ತ್ಯಾಗವೆಂದು ಹಿರಿಯರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದೂ ಒಂದು ಚಟ. ಬಿಡಲು ಇನ್ನೇನೂ ಉಳಿಯದಾದಾಗ ನನ್ನ ಕಣ್ಣು ಪಕ್ಕದ ಸೀಟಿನ ಮೇಲೆ ಬಿತ್ತು.

ಸೀಟನ್ನು ತಂದು ಮನೆಯ ಪಡಸಾಲೆಯಲ್ಲಿಟ್ಟೆ. ನನ್ನ ಹೆಂಡತಿ ಪಾರ್ವತಿ ನೋಡಿದಳು.

"ಇದ್ಯಾಕ ಇಲ್ಲಿ ಬಂತು?"

"ತೂಕ ಕಡಿಮಿ ಮಾಡಾಕ."

"ಯಾರ ತೂಕ?"

ನಾನು ಸ್ಪ್ಯಾನರ್ ಒರೆಸಲು ಬಟ್ಟೆ ಹುಡುಕತೊಡಗಿದೆ. ಅವಳು ಸೀಟನ್ನು ಕಿಟಕಿಯ ಬಳಿ ಎಳೆದುಕೊಂಡು, ಅದರ ಮೇಲೆ ಕೂತು ಅಕ್ಕಿ ಆರಿಸತೊಡಗಿದಳು. ಎರಡು ದಿನ ನನ್ನನ್ನು ಊಟಕ್ಕೆ ಕರೆದದ್ದೂ ಅಲ್ಲಿಂದಲೇ.

ಆ ಭಾನುವಾರ ಅವಳ ತಮ್ಮ ಬಸವರಾಜ ಸಿರುಗುಪ್ಪದಿಂದ ಜೀಪಿನಲ್ಲಿ ಬಂದ. ಆವತ್ತು ಅವರ ಮನೆಯಲ್ಲಿ ಊಟಕ್ಕೆ ನಮ್ಮನ್ನು ಕರೆದೊಯ್ಯಬೇಕಿತ್ತು. ಬೋಳಾದ ಕಾರನ್ನು ನೋಡಿ, "ಮಾವಾರ, ಕುರುಗೋಡ ಮ್ಯಾಲೆ ಹಾಯ್ದು ಹೋಗೂಣು. ನಿಮ್ಮದು ಮುಂದ ಮುಟ್ಟತೈತೋ ನನ್ನ ಜೀಪೋ ನೋಡೇಬಿಡೂಣು" ಎಂದ. ನಾನು ಒಪ್ಪಿದೆ. ಪಾರ್ವತಿ ಹೋಗಿ ಜೀಪಿನಲ್ಲಿ ಕೂತಳು. ಕೂರಲು ಬೇರೆ ಜಾಗವಾದರೂ ಎಲ್ಲಿತ್ತು?

ಕಾರು ನಿಜಕ್ಕೂ ಹಾರಿತು. ಊರು ದಾಟುವುದರೊಳಗೆ ಜೀಪು ಹಿಂದೆ ಚುಕ್ಕೆಯಾಯಿತು. ಗಾಳಿಗೆ ಕಣ್ಣಲ್ಲಿ ನೀರು ಬಂದರೂ ನಗುತ್ತಿದ್ದೆ. ಬಾದನಹಟ್ಟಿಯ ಹತ್ತಿರ ಕಾಲುವೆ ನೀರು ರಸ್ತೆಗೆ ಹರಿದು ಎರೆಮಣ್ಣು ಬೆಣ್ಣೆಯಾಗಿತ್ತು. ಹಗುರಾದ ಕಾರು ಅದರ ಮೇಲೆ ಕಾಲಿಟ್ಟಿದ್ದೇ ತಡ, ಹಿಂಭಾಗ ಮುಂದಕ್ಕೆ ಬಂದು, ನನ್ನನ್ನು ಕೂರಿಸಿಕೊಂಡೇ ಪಕ್ಕದ ಹೊಲಕ್ಕೆ ಇಳಿಯಿತು.

ಪೆಟ್ಟೇನೂ ಆಗಲಿಲ್ಲ. ಅಲ್ಲಿ ಕೆಲಸದಲ್ಲಿದ್ದ ಐದಾರು ಜನ ಬಂದರು. ಅವರಲ್ಲಿ ಹಿರಿಯ, ಹನುಮಂತಪ್ಪ ಎಂಬ ರೈತ, ಒಂದು ಕೈಯಲ್ಲಿ ಕಾರನ್ನು ಅಲುಗಿಸಿ ನೋಡಿ, "ಇದರಾಗ ಏನೂ ಇಲ್ಲಲ್ರೀ" ಎಂದ. ಎಲ್ಲರೂ ಸೇರಿ ಪಲ್ಲಕ್ಕಿಯಂತೆ ಎತ್ತಿ ರಸ್ತೆಗಿಟ್ಟರು. ನನ್ನ ಇಷ್ಟು ದಿನದ ಶ್ರಮ ಸಾರ್ಥಕವಾದದ್ದು ಅಲ್ಲಿ.

ಅಷ್ಟರಲ್ಲಿ ಜೀಪು ಬಂತು. ನಾನು ಕಾರು ಚಾಲೂ ಮಾಡಿದೆ. ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರನೆ ತಿರುಗಿದವು. ಬಸವರಾಜ ಹಗ್ಗ ತೆಗೆದ. "ಕಟ್ಟಿ ಎಳಕೊಂಡು ಹೋಗೂಣು ಬಿಡ್ರಿ." ಮಾವನವರ ಮನೆಯ ಮುಂದೆ, ಓಣಿಯ ಜನರೆದುರು ಹಗ್ಗದಲ್ಲಿ ಎಳೆಸಿಕೊಂಡು ಇಳಿಯುವ ಅಳಿಯನನ್ನು ಕಲ್ಪಿಸಿಕೊಂಡು, ಕಾರಿನಿಂದಿಳಿದು ಅದರ ಮೂತಿಗೆ ಅಡ್ಡ ನಿಂತೆ.

"ಹಗ್ಗ ಯಾಕ್ರಿ?" ಎಂದ ಹನುಮಂತಪ್ಪ. "ಹಿಂದ ಭಾರ ಇಲ್ಲ, ಗಾಲಿ ನೆಲಾ ಹಿಡೀವಲ್ದು. ನನ್ನ ಭತ್ತದ ಚೀಲ ಒಂದು ಸಿರುಗುಪ್ಪದ ಮಿಲ್ಲಿಗೆ ಹೋಗಬೇಕೈತಿ, ಹಾಕ್ಕೊಂಡು ಹೋಗ್ರಿ. ಅದರ ಮ್ಯಾಲೆ ಯಾರರ ಕುಂದ್ರಲಿ."

ಮೇಲಿನ ಭಾರವಿಲ್ಲದೆ ಘರ್ಷಣೆಯಿಲ್ಲ, ಘರ್ಷಣೆಯಿಲ್ಲದೆ ಚಲನೆಯಿಲ್ಲ. ಪ್ರತಿ ವರ್ಷ ಜುಲೈನಲ್ಲಿ ನಾನು ಮಾಡುತ್ತಿದ್ದ ಪಾಠವದು. ಭತ್ತದ ಚೀಲ ಬಂತು. ಹಿಂದಿನ ಗಾಲಿಗೆ ಒತ್ತಿಕೊಂಡಂತೆ ಸೀಟಿದ್ದ ಜಾಗದಲ್ಲಿ ಅದನ್ನು ಮಲಗಿಸಿದರು. ನಾನು ಪಾರ್ವತಿಯ ಕಡೆ ನೋಡಿದೆ. ಅವಳೂ ನನ್ನನ್ನು ಚೆನ್ನಾಗಿಯೇ ನೋಡಿದಳು.

"ಬರ್ತೀ ಏನು?" ಎಂದೆ.

"ತೂಕ ಹೆಚ್ಚಾದ್ರ?"

"ಬೇಕಾಗೈತಿ."

ಜೀಪಿನಿಂದಿಳಿದು ಬಂದಳು. "ನೀ ಮುಂದ ನಡಿ, ಬರ್ತೀವಂತ ಅವ್ವಗ ಹೇಳು" ಎಂದು ತಮ್ಮನನ್ನು ಕಳಿಸಿ ಚೀಲದ ಮೇಲೆ ಕೂತಳು. ಗಾಲಿಗಳು ನೆಲ ಹಿಡಿದವು.

ಒಳ್ಳೆಯ ರಸ್ತೆ ಸಿಕ್ಕಮೇಲೂ ನಾನು ಮೆತ್ತಗೇ ಹೋಗುತ್ತಿದ್ದೆ. ಕುರುಗೋಡಿನ ಬಂಡೆಗುಡ್ಡಗಳು ಹಿಂದೆ ಸರಿದವು. ಅವಳು ಎರಡೂ ಕೈಯಲ್ಲಿ ಮುಂದಿನ ಗಾಜಿನ ಚೌಕಟ್ಟು ಹಿಡಿದು, "ಇನ್ನ ಸ್ವಲ್ಪ ಜೋರ ಹೊಡೀರಿ" ಎಂದಳು. ತಿರುಗಿ ನೋಡಿದೆ. ಮುಡಿ ಬಿಚ್ಚಿ ಕೂದಲು ಮುಖಕ್ಕೆಲ್ಲ ಬಡಿಯುತ್ತಿತ್ತು, ಹಲ್ಲು ಕಾಣುವಂತೆ ನಗುತ್ತಿದ್ದಳು. ಮದುವೆಯಾಗಿ ಆರು ವರ್ಷವಾಗಿತ್ತು. ಅವಳಿಗೂ ವೇಗವೆಂದರೆ ಇಷ್ಟ ಎಂಬುದು ನನಗೆ ಗೊತ್ತೇ ಇರಲಿಲ್ಲ. ಸೀಟಿದ್ದ ಕಾಲದಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ದಾರಿಯುದ್ದಕ್ಕೂ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದ್ದೆ. ನಿನಗೆ ಹೇಗನ್ನಿಸುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಸಿರುಗುಪ್ಪದಲ್ಲಿ ಬಸವರಾಜ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. "ಏನ್ ಮಾವಾರ, ಹಗುರ ಮಾಡಿ ಏನ್ ಬಂತು?" ಎಂದ. ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ ಪಾರ್ವತಿಯೇ ಉತ್ತರ ಕೊಟ್ಟಳು.

"ಇನ್ನೊಂದು ಚೀಲ ಇದ್ದಿದ್ರ ಇನ್ನೂ ಜೋರ ಬರ್ತಿದ್ವಿ."

ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ನಾನು ತಿದ್ದಲು ಹೋಗಲಿಲ್ಲ.